ಅಮೆರಿಕದಿಂದ ರಜೆಗೆ ಬಂದಿರುವ ಅಣ್ಣನ ಮಗಳಿಗೆ ಊರಿನಲ್ಲಿ ಏನು ಕೆಲಸ ಕೊಡುವುದು?

ನಾಲೆ ಏರಿ
ಎಲ್ಲರಿಗೂ ನಮಸ್ಕಾರ. ನಮ್ಮದು ಪಾಂಡವಪುರ ತಾಲ್ಲೂಕಿನ ಹಳ್ಳಿ. ಅಣ್ಣ ನ್ಯೂಜೆರ್ಸಿಯಲ್ಲಿದ್ದಾನೆ. ಅವನ ಮಗಳು ಅಲ್ಲಿಯೇ ಹುಟ್ಟಿ ಬೆಳೆದವಳು. ಕಾಲೇಜಿನ ಎರಡನೇ ವರ್ಷ ಮುಗಿಸಿ ಜೂನ್ ಮೊದಲ ವಾರ ಒಬ್ಬಳೇ ಬಂದಿದ್ದಾಳೆ, ಆಗಸ್ಟ್ ಮಧ್ಯದವರೆಗೆ ಇರುತ್ತಾಳೆ. ಹಿಂದೆ ಬಂದಾಗಲೆಲ್ಲ ಅಪ್ಪ ಅಮ್ಮನ ಜೊತೆ ಬರುತ್ತಿದ್ದಳು. ಅರ್ಧ ರಜೆ ಮದುವೆಮನೆಗಳಲ್ಲಿ, ಉಳಿದರ್ಧ ಸೀರೆ ಅಂಗಡಿಗಳಲ್ಲಿ ಮುಗಿಯುತ್ತಿತ್ತು. ಈ ಸಲ ಕಾರಿನಿಂದ ಇಳಿಯುವಾಗಲೇ ಹೇಳಿಬಿಟ್ಟಳು: "ಚಿಕ್ಕಪ್ಪ, ನನ್ನನ್ನು ಎಲ್ಲಿಗೂ ಸುತ್ತಾಡಿಸಬೇಡಿ. ಮನೆಯವರು ಹೇಗಿರುತ್ತಾರೋ ಹಾಗೆ ಇರುತ್ತೇನೆ."

ಆದರೆ ನಮ್ಮ ತಾಯಿ ಬಿಡಬೇಕಲ್ಲ! ಅವಳ ಕೈಗೆ ಒಂದು ಲೋಟ ತೊಳೆಯಲೂ ಕೊಡುವುದಿಲ್ಲ. ಪೊರಕೆ ಹಿಡಿದರೆ ಕಿತ್ತುಕೊಳ್ಳುತ್ತಾರೆ. ನನ್ನ ಮಗ ಪಿಯುಸಿ, ಮಗಳು ಎಸ್ಸೆಸ್ಸೆಲ್ಸಿ. ಇಬ್ಬರೂ ಬೆಳಗಿನ ಬಸ್ಸಿಗೆ ಹೊರಟರೆ ಮನೆ ಸೇರುವುದು ಸಂಜೆ. ಇವರ ರಜೆ ಏಪ್ರಿಲ್, ಮೇ ತಿಂಗಳಲ್ಲಿ ಮುಗಿದುಹೋಗಿತ್ತು, ಅವಳ ರಜೆ ಆಮೇಲೆ ಶುರುವಾಯಿತು. ಹಗಲೆಲ್ಲ ಜಗುಲಿಯಲ್ಲಿ ಕುಳಿತು ಅವಳು ಹಸುವನ್ನು ನೋಡುತ್ತಾಳೆ, ಹಸು ಅವಳನ್ನು ನೋಡುತ್ತದೆ. ಮನೆಗೆ ಬಂದವರು ಕೇಳುವುದು ಒಂದೇ ಪ್ರಶ್ನೆ: "ಬೃಂದಾವನ ನೋಡಿದೆಯಾ ಮಗಳೇ?"

ಹುಡುಗಿಗೆ ಕನ್ನಡ ಓದಲು, ಬರೆಯಲು ಬರುತ್ತದೆ. ಅಲ್ಲಿ ವಾರಾಂತ್ಯದ ಕನ್ನಡ ತರಗತಿಗೆ ಹೋಗಿದ್ದಳು. ಏನು ಮಾಡಿಸಲಿ, ಹೇಳಿ.

ಒಗ್ಗರಣೆ ಡಬ್ಬಿ
ಅದೆಲ್ಲ ಇರಲಿ, ಬೃಂದಾವನ ನೋಡಿದ್ದಾಳೆಯೇ?

ಕೆ.ಆರ್. ವೃತ್ತ
ಹಳ್ಳಿಯಲ್ಲಿ ಕೂರಿಸಿದರೆ ಬೇಸರವಾಗದೆ ಇನ್ನೇನು? ಮೈಸೂರಿಗೆ ಕಳುಹಿಸಿ. ಭಾನುವಾರ ಸಂಜೆ ಅರಮನೆಯ ದೀಪಾಲಂಕಾರ, ಮೃಗಾಲಯ (ಮಂಗಳವಾರ ರಜೆ, ಮರೆಯಬೇಡಿ), ದೇವರಾಜ ಮಾರುಕಟ್ಟೆ. ದಾರಿಯಲ್ಲಿ ರಂಗನತಿಟ್ಟು, ದರಿಯಾ ದೌಲತ್. ಇನ್ನೊಂದು ದಿಕ್ಕಿಗೆ ಗಗನಚುಕ್ಕಿ, ಕೊಕ್ಕರೆ ಬೆಳ್ಳೂರು.

ಮದ್ದೂರು ಪ್ಯಾಸೆಂಜರ್
ಈಗ ಕೊಕ್ಕರೆ ಬೆಳ್ಳೂರಿಗೆ ಹೋದರೆ ಹುಣಸೆ ಮರಗಳನ್ನು ಎಣಿಸಿಕೊಂಡು ಬರಬೇಕು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಚಳಿಗಾಲದಲ್ಲಿ ಬಂದು ಗೂಡು ಕಟ್ಟಿ, ಮರಿ ಮಾಡಿಕೊಂಡು, ಮಳೆಗಾಲ ಹಿಡಿಯುವ ಹೊತ್ತಿಗೆ ಹೊರಟುಬಿಡುತ್ತವೆ. ಅಮೆರಿಕದ ಕಾಲೇಜಿಗೆ ಯಾವಾಗ ರಜೆ ಎಂದು ಅವಕ್ಕೆ ಯಾರೂ ತಿಳಿಸಿಲ್ಲ.

ನಾಲೆ ಏರಿ
ಕೆ.ಆರ್. ವೃತ್ತದವರೇ, ಅವಳು ಬೇಡವೆಂದಿರುವುದೇ ಈ ಪಟ್ಟಿಯನ್ನು.

ಗಂಗೋತ್ರಿ ಹಳಬ
ಪ್ರವಾಸ ಬೇಡವಾದರೆ ಓದಿಗೆ ಹಚ್ಚಿ. ಮೈಸೂರಿನ ಪ್ರಾಚ್ಯ ವಿದ್ಯಾ ಸಂಶೋಧನಾಲಯವನ್ನು ಎಷ್ಟು ಜನ ಮೈಸೂರಿನವರೇ ಒಳಗೆ ಹೋಗಿ ನೋಡಿದ್ದಾರೆ? ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು 1905ರಲ್ಲಿ, ಈ ಊರಿನ ಗ್ರಂಥ ಭಂಡಾರದಲ್ಲಿ. 1909ರಲ್ಲಿ ಅಚ್ಚಾಯಿತು. ಆ ಮೇಲೆ ತಾನೇ ಜಗತ್ತು ಕೌಟಿಲ್ಯನ ಹೆಸರು ಹೇಳತೊಡಗಿದ್ದು? ಮೇಲುಕೋಟೆಯ ಸಂಸ್ಕೃತ ಸಂಶೋಧನ ಸಂಸತ್ತು ನಿಮ್ಮ ತಾಲ್ಲೂಕಿನಲ್ಲಿಯೇ ಇದೆ, ಅಲ್ಲಿಯೂ ಹಸ್ತಪ್ರತಿಗಳಿವೆ.

ಒಗ್ಗರಣೆ ಡಬ್ಬಿ
ಹುಡುಗಿ ಪೊರಕೆ ಕೇಳಿದರೆ ಇವರು ತಾಳೆಗರಿ ಕೊಡುತ್ತಿದ್ದಾರೆ.

ಹುಳುಮನೆ ಅತ್ತೆ
ನಾವು ಮಳವಳ್ಳಿ ಕಡೆಯವರು, ರೇಷ್ಮೆ ಸಾಕುವವರು. ನನ್ನ ತಂಗಿಯ ಮಗ ಟೆಕ್ಸಾಸ್‌ನಿಂದ ಹೀಗೆಯೇ ಒಂದು ವರ್ಷ ಬಂದಿದ್ದ. ಬಂದ ಮಾರನೆಯ ದಿನ ತಲೆಯಿಂದ ಕಾಲಿನವರೆಗೆ ಸೊಳ್ಳೆ ಔಷಧ ಸಿಂಪಡಿಸಿಕೊಂಡು, ಮೊಬೈಲ್ ಹಿಡಿದು ಹುಳುಮನೆಯ ಬಾಗಿಲಿಗೆ ಬಂದ. ನಮ್ಮತ್ತೆ ಕೂಗಿದ ಕೂಗಿಗೆ ಬೀದಿಯ ಆ ತುದಿಯವರು ಓಡಿಬಂದರು. ಸೊಳ್ಳೆಗೆ ಆಗದ್ದು ರೇಷ್ಮೆ ಹುಳುವಿಗೂ ಆಗುವುದಿಲ್ಲ. ಪಕ್ಕದ ತೋಟದಲ್ಲಿ ಕೀಟನಾಶಕ ಹೊಡೆದರೆಂದು ಆ ಕಡೆಯ ಸೊಪ್ಪನ್ನೇ ನಾವು ಕೊಯ್ಯುವುದಿಲ್ಲ, ಇನ್ನು ಮೈಗೆ ಬಳಿದುಕೊಂಡು ಬಂದವನನ್ನು ಒಳಗೆ ಬಿಡುತ್ತೇವೆಯೇ? ತೊಟ್ಟಿಯ ಹತ್ತಿರ ನಿಲ್ಲಿಸಿ ಸೋಪು ಹಚ್ಚಿ ಸ್ನಾನ ಮಾಡಿಸಿದರು. ಹತ್ತೊಂಬತ್ತು ವರ್ಷದ ಹುಡುಗ!

ಅಲ್ಲಿಯವರೆಗೆ ಅವನೂ ನಮ್ಮ ಮನೆಯಲ್ಲಿ ನೆಂಟ. ಅವನಿಗೆ ಬೇರೆ ಹಾಸಿಗೆ, ಬೇರೆ ನೀರು, ಕೂತಲ್ಲಿಗೆ ಕಾಫಿ. ಆಮೇಲೆ ಹುಳು ನಾಲ್ಕನೇ ಜ್ವರದಿಂದ ಎದ್ದಿತು (ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಾವು ಜ್ವರ ಎನ್ನುತ್ತೇವೆ). ಸಾಕಿದವರಿಗೆ ಗೊತ್ತು, ಆಗ ಎಷ್ಟು ಸೊಪ್ಪು ಹಾಕಿದರೂ ಸಾಲದು. ನಸುಕಿನಲ್ಲಿ ಹಾಕಬೇಕು, ರಾತ್ರಿ ಮಲಗುವ ಮುಂಚೆಯೂ ಹಾಕಬೇಕು. ಮನೆಯಲ್ಲಿ ಯಾರಿಗೂ ನೆಂಟರನ್ನು ನೋಡಿಕೊಳ್ಳಲು ಪುರುಸೊತ್ತಿಲ್ಲ. ಹುಡುಗ ತಾನೇ ಬಡಿಸಿಕೊಂಡ, ತಾನೇ ತಟ್ಟೆ ತೊಳೆದ, ಕುಡುಗೋಲು ಹಿಡಿದು ಹಿಪ್ಪುನೇರಳೆ ಕೊಯ್ಯಲು ಬಂದ. ಹಣ್ಣಾದ ಹುಳು ಆರಿಸಿ ಗೂಡು ಕಟ್ಟುವ ಚಂದ್ರಿಕೆ ತಟ್ಟಿಗೆ ಬಿಡುವುದರಲ್ಲಿ ನಮ್ಮ ಯಜಮಾನರಿಗಿಂತ ಅವನ ಕಣ್ಣು ಚುರುಕು. ಹುಳು ಬೆಳಕಿಗೆ ಹಿಡಿದಾಗ ಪಾರದರ್ಶಕವಾಗಿ, ಸ್ವಲ್ಪ ಹಳದಿಯಾಗಿ ಕಂಡರೆ ಹಣ್ಣಾಗಿದೆ ಎಂದು ಅರ್ಥ. ನಮ್ಮವರು ಕನ್ನಡಕ ಹುಡುಕುವುದರಲ್ಲಿ ಇವನು ಒಂದು ತಟ್ಟೆ ಮುಗಿಸುತ್ತಿದ್ದ.

ಆದ್ದರಿಂದ ನಿಮ್ಮ ತಾಯಿಯನ್ನು ದೂರಬೇಡಿ. ಮನೆಯಲ್ಲಿ ಕೈ ಸಾಲದಷ್ಟು ಕೆಲಸ ಬಿದ್ದರೆ ಅವರೇ ಮೊಮ್ಮಗಳನ್ನು ಕರೆಯುತ್ತಾರೆ.

ಒಗ್ಗರಣೆ ಡಬ್ಬಿ
ಆ ಹುಡುಗ ಈಗ ಎಲ್ಲಿದ್ದಾನೆ?

ಹುಳುಮನೆ ಅತ್ತೆ
ಅದೇ ಟೆಕ್ಸಾಸ್‌ನಲ್ಲಿ. ಹಬ್ಬಕ್ಕೆ ಫೋನ್ ಮಾಡಿದರೆ ನಮ್ಮ ಆರೋಗ್ಯಕ್ಕಿಂತ ಮೊದಲು ರಾಮನಗರದ ಗೂಡಿನ ಧಾರಣೆ ಕೇಳುತ್ತಾನೆ.

ದೊಡ್ಡಬ್ಯಾಡರಹಳ್ಳಿ ದಾರಿ
ಜುಲೈನಲ್ಲಿ ನಾಲೆಗೆ ನೀರು ಬಿಡುತ್ತಾರಲ್ಲ, ನಾಟಿಗೆ ಇಳಿಸಿ. ಕೆಸರಿನಲ್ಲಿ ನಿಂತರೆ ತಾನಾಗಿಯೇ ಊರಿನವಳಾಗುತ್ತಾಳೆ.

ಕಟ್ಟು ನೀರು
ಈ ಮಾತು ಹೇಳುವವರು ನಾಟಿ ಮಾಡಿಸಿ ಎಷ್ಟು ವರ್ಷವಾಯಿತು? ಈಗ ನಾಟಿಗೆ ಬರುವ ಹೆಂಗಸರು ಗುಂಪು ಕಟ್ಟಿಕೊಂಡು ಎಕರೆ ಲೆಕ್ಕದಲ್ಲಿ ಗುತ್ತಿಗೆ ಒಪ್ಪಿಕೊಂಡು ಬರುತ್ತಾರೆ. ಬೆಳಿಗ್ಗೆ ಇಲ್ಲಿ ಮುಗಿಸಿ ಮಧ್ಯಾಹ್ನ ಇನ್ನೊಬ್ಬರ ಗದ್ದೆಗೆ ಹೋಗಬೇಕು. ನಡುವೆ ಒಬ್ಬಳು ಪೈರನ್ನು ಬೆರಳುಗಳ ನಡುವೆ ಹೇಗೆ ಹಿಡಿಯುವುದು ಎಂದು ಕಲಿಯುತ್ತಾ ನಿಂತರೆ ಅವರ ಕೂಲಿ ಕೆಡುತ್ತದೆ. ಮೇಲಾಗಿ ನಾಲೆಯಲ್ಲಿ ಈಗ ಕಟ್ಟು ಪದ್ಧತಿ, ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುತ್ತಾರೆ. ನಿಮ್ಮ ಸರದಿ ಬರುವ ಹೊತ್ತಿಗೆ ಹುಡುಗಿ ವಿಮಾನ ಹತ್ತಿರುತ್ತಾಳೆ. ಕಲಿಯಬೇಕೆಂದಿದ್ದರೆ ಒಟ್ಟಲು (ಸಸಿಮಡಿ) ಹಾಕುವಾಗ ಕರೆದುಕೊಂಡು ಹೋಗಿ. ಬಿತ್ತನೆ ಭತ್ತ ನೆನೆಸುವುದು, ಗೋಣಿಚೀಲದಲ್ಲಿ ಮೊಳಕೆ ಬರಿಸುವುದು, ಮಡಿ ಸಮ ಮಾಡುವುದು. ಅದು ಮನೆಯವರೇ ಮಾಡುವ ಕೆಲಸ, ನಿಧಾನವಾಗಿ ಮಾಡಿದರೂ ಯಾರೂ ಬೈಯುವುದಿಲ್ಲ.

ಮೆಣಸಿನಕಾಯಿ ಬಜ್ಜಿ
ನಾಲೆಯ ಮಾತು ಬಂದದ್ದರಿಂದ ಹೇಳುತ್ತೇನೆ. ವಿಶ್ವೇಶ್ವರಯ್ಯ ನಾಲೆಯಲ್ಲಿ ಈಜಲು ಯಾರಾದರೂ ಕರೆದರೆ ಬಿಡಬೇಡಿ. ಮೇಲಿನಿಂದ ನೋಡಿದರೆ ಶಾಂತವಾಗಿ ಕಾಣುತ್ತದೆ, ಒಳಗೆ ಸೆಳೆತ ವಿಪರೀತ, ಇಳಿಜಾರಿನ ಕಲ್ಲು ಪಾಚಿಗಟ್ಟಿರುತ್ತದೆ, ಹತ್ತಲು ಹಿಡಿ ಸಿಗುವುದಿಲ್ಲ. ಏರಿಯ ಮೇಲೆ ಸ್ಕೂಟರ್ ಕಲಿಸುವುದೂ ಬೇಡ. 2018ರ ನವೆಂಬರ್‌ನಲ್ಲಿ ನಿಮ್ಮ ತಾಲ್ಲೂಕಿನ ಕನಗನಮರಡಿ ಬಳಿ ಬಸ್ ನಾಲೆಗೆ ಬಿದ್ದು 30 ಜನ ಸತ್ತರು, ಅದರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು.

ನಾಲೆ ಏರಿ
ಆ ದಿನ ನಮ್ಮ ಊರಿನವರೂ ಅಲ್ಲಿಗೆ ಓಡಿದ್ದರು. ನಾಲೆಯ ವಿಷಯದಲ್ಲಿ ನಮ್ಮ ಮನೆಯಲ್ಲಿ ಯಾರಿಗೂ ಸಲಿಗೆ ಇಲ್ಲ.

ಹಾಲಿನ ಕ್ಯಾನು
ಇಷ್ಟು ಜನ ಬರೆದಿರಿ, ಕಣ್ಣೆದುರಿಗೆ ಇರುವುದನ್ನು ಯಾರೂ ಹೇಳಲಿಲ್ಲ. ಮನೆಯಲ್ಲಿ ಹಸು ಇದೆ ಎಂದಿರಿ. ಸಂಜೆ ಡೇರಿಗೆ ಹಾಲು ಹಾಕಿಬರುವ ಕೆಲಸ ಅವಳಿಗೆ ಕೊಡಿ.

ಕೆಲಸ ಸಣ್ಣದು, ಆದರೆ ತಪ್ಪಿಸುವ ಹಾಗಿಲ್ಲ, ದಿನವೂ ಅದೇ ಹೊತ್ತಿಗೆ ಹೋಗಬೇಕು. ಅರ್ಧ ಊರು ಅಲ್ಲಿ ಸಾಲಿನಲ್ಲಿ ನಿಂತಿರುತ್ತದೆ. ಕಾರ್ಯದರ್ಶಿ ಹಾಲಿನ ಮಾದರಿ ತೆಗೆದು ಯಂತ್ರಕ್ಕೆ ಇಟ್ಟು ಫ್ಯಾಟ್ ಎಷ್ಟು ಎಂದು ಕೂಗುವಾಗ ಎಲ್ಲರ ಕಿವಿಯೂ ಅಲ್ಲಿರುತ್ತದೆ. ಯಾರ ಹಸು ಕರು ಹಾಕಿತು, ಯಾರ ಮನೆಯಲ್ಲಿ ಗಂಡು ನೋಡಲು ಬಂದಿದ್ದರು, ಯಾರ ಬೋರ್‌ವೆಲ್ ಬತ್ತಿತು, ಎಲ್ಲವೂ ಅಲ್ಲಿಯೇ ಗೊತ್ತಾಗುವುದು. ಮೊದಲ ವಾರ ಎಲ್ಲರೂ ಅವಳ ಚಪ್ಪಲಿ ನೋಡುತ್ತಾರೆ. ಆಮೇಲೆ ಒಂದು ದಿನ ಫ್ಯಾಟ್ ಕಡಿಮೆ ಬರುತ್ತದೆ, ಪಕ್ಕದಲ್ಲಿ ನಿಂತವರು "ನೀರು ಬೆರೆಸಿದ್ದೀಯಾ?" ಎಂದು ರೇಗಿಸುತ್ತಾರೆ. ಅಷ್ಟಾದರೆ ಕೆಲಸ ಆದ ಹಾಗೆ. ನೆಂಟರಿಗೆ ಯಾರೂ ಹಾಗೆ ಕೇಳುವುದಿಲ್ಲ.

ಲೀಟರಿಗೆ 5 ರೂಪಾಯಿಯ ಸರ್ಕಾರದ ಪ್ರೋತ್ಸಾಹಧನ ಯಾವ ತಿಂಗಳಿನವರೆಗೆ ಜಮೆಯಾಗಿದೆ ಎಂಬ ಲೆಕ್ಕವನ್ನೂ ಅವಳಿಗೇ ವಹಿಸಿ. ಕಾಲೇಜು ಓದಿದವಳು, ಹುಡುಕಿ ಹೇಳಲಿ.

ಹುಳುಮನೆ ಅತ್ತೆ
ಹಾಲಿನ ಕ್ಯಾನಿನವರ ಮಾತು ಒಪ್ಪಿದೆ. ನನಗಿಂತ ಚೆನ್ನಾಗಿ ಹೇಳಿದರು.

ಡಾಲರ್ ಲೆಕ್ಕ
ನಾನು ಡಲ್ಲಾಸ್‌ನಲ್ಲಿರುವವನು. ಮಕ್ಕಳನ್ನು ಕಳುಹಿಸುವ ಮುಂಚೆ ಕಾಗದಪತ್ರಗಳ ಮಾತು ಆಡೋಣ. ಇಂಥ ಮಕ್ಕಳಿಗೆ ಓಸಿಐ (ಸಾಗರೋತ್ತರ ಭಾರತೀಯ ಪೌರ) ಕಾರ್ಡ್ ಇರುತ್ತದೆ, ವೀಸಾ ಚಿಂತೆ ಇಲ್ಲ. ಆಧಾರ್ ಇರುವುದಿಲ್ಲ, ಅದಕ್ಕೆ ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿ ವಾಸ ಮಾಡಿರಬೇಕು. ಅಂಗಡಿಯಲ್ಲಿ ಎಲ್ಲರೂ ಫೋನ್ ತೋರಿಸಿ ಹಣ ಕೊಡುವಾಗ ಇವರ ಕೈಯಲ್ಲಿ 500ರ ನೋಟು, ಅಂಗಡಿಯವನ ಬಳಿ ಚಿಲ್ಲರೆ ಇಲ್ಲ. ಹತ್ತು, ಇಪ್ಪತ್ತರ ನೋಟುಗಳನ್ನು ಕಟ್ಟು ಕಟ್ಟಾಗಿ ಕೊಟ್ಟು ಕಳುಹಿಸಿ. ಸ್ಮಾರಕಗಳಲ್ಲಿ ವಿದೇಶಿಯರ ದರದ ಟಿಕೆಟ್ ಕೊಡಲು ಬಂದರೆ ಓಸಿಐ ಕಾರ್ಡ್ ತೋರಿಸಲಿ, ಭಾರತೀಯರ ದರವೇ ಅನ್ವಯಿಸುತ್ತದೆ.

ಕೆಂಪು ಬಸ್ಸು
ಬಸ್ಸಿನಲ್ಲಿ ಮಾತ್ರ ಅವಳು ವಿದೇಶಿಯೇ. ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದೆಯಲ್ಲ, ಅದು ಕರ್ನಾಟಕದ ವಾಸಿಗಳಿಗೆ ಮಾತ್ರ, ಗುರುತಿನ ಚೀಟಿ ತೋರಿಸಬೇಕು. ಮೊನ್ನೆ ನಾನು ಹತ್ತಿದ್ದ ಬಸ್ಸಿನಲ್ಲಿ ಇಂಥದ್ದೇ ಜೋಡಿ ಇತ್ತು. ಅಜ್ಜಿಗೆ ಶೂನ್ಯ ಟಿಕೆಟ್, ಮೊಮ್ಮಗಳು ಕಾಸು ಎಣಿಸುತ್ತಿದ್ದಾಳೆ. ಅಜ್ಜಿ ಇಳಿಯುವವರೆಗೂ ನಿರ್ವಾಹಕರ ಜೊತೆ ವಾದ ಮಾಡಿದರು: "ನನ್ನ ಮಗನ ಮಗಳು ಕರ್ನಾಟಕದವಳಲ್ಲದೆ ಇನ್ನೆಲ್ಲಿಯವಳಪ್ಪ?"

ಪಹಣಿ ಪತ್ರ
ಎಲ್ಲ ಸರಿ, ಯಾರೂ ಕೇಳದ ಪ್ರಶ್ನೆ ನಾನು ಕೇಳುತ್ತೇನೆ. ಹುಡುಗಿ ಇದ್ದಕ್ಕಿದ್ದ ಹಾಗೆ ಒಬ್ಬಳೇ ಬಂದು ಇಷ್ಟು ದಿನ ಊರಿನಲ್ಲಿ ಕೂತರೆ ಅರಳಿಕಟ್ಟೆಯಲ್ಲಿ ಏನು ಮಾತಾಡುತ್ತಾರೆ? "ಅಣ್ಣ ಪಾಲು ಕೇಳಲು ಮಗಳನ್ನು ಮುಂದೆ ಬಿಟ್ಟಿದ್ದಾನೆ" ಎಂದು. ನಮ್ಮ ಊರಿನಲ್ಲಿ ಹಾಗೆಯೇ ಆಯಿತು.

ನಾಲೆ ಏರಿ
ಮಾತಾಡುತ್ತಿದ್ದಾರೆ, ನನ್ನ ಕಿವಿಗೂ ಬಿದ್ದಿದೆ. ಅಣ್ಣನ ಪಾಲು ಅಣ್ಣನದು, ಅದರಲ್ಲಿ ನನಗೆ ತಕರಾರಿಲ್ಲ. ಇಲ್ಲಿ ಆ ವಿಷಯ ಬೇಡ.

ಡಾಲರ್ ಲೆಕ್ಕ
ಅಮೆರಿಕದ ಪೌರರಿಗೆ ಇಲ್ಲಿ ಕೃಷಿ ಜಮೀನು ಬರುವುದೇ ಇಲ್ಲವಲ್ಲ?

ಪಹಣಿ ಪತ್ರ
ಕೊಂಡುಕೊಳ್ಳುವ ಹಾಗಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಅಡ್ಡಿಯಿಲ್ಲ. ಹೆಣ್ಣುಮಕ್ಕಳ ಹಕ್ಕಿನ ಮಾತಾದರೆ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ 1994ರಲ್ಲಿಯೇ ತಿದ್ದುಪಡಿ ತಂದಿತ್ತು, ಕೇಂದ್ರದ್ದು ಬಂದದ್ದು 2005ರಲ್ಲಿ. ಇಷ್ಟು ವರ್ಷವಾದರೂ ಹೆಣ್ಣುಮಗಳು ಊರಿಗೆ ಬಂದು ಗದ್ದೆಯ ಬದುವಿನ ಮೇಲೆ ನಿಂತರೆ ಸಾಕು, ನಾಲ್ಕು ಜನ ಪಹಣಿ ತೆಗೆಸಲು ಓಡುತ್ತಾರೆ.

ಗಂಗೋತ್ರಿ ಹಳಬ
ವಿಷಯಕ್ಕೆ ಬನ್ನಿ.

ನ್ಯೂಜೆರ್ಸಿ ಮೊಮ್ಮಗಳು
ಎಲ್ಲರಿಗೂ ನಮಸ್ಕಾರ. ನೀವು ಚರ್ಚಿಸುತ್ತಿರುವ ಹುಡುಗಿ ನಾನು. ಚಿಕ್ಕಪ್ಪ ಇದನ್ನು ಓದಲು ಕೊಟ್ಟರು. ನಾನು ಬರೆಯುವುದು ನಿಧಾನ, ತಪ್ಪಿದ್ದರೆ ತಿದ್ದಿ.

ಮೊದಲನೆಯದಾಗಿ, ನಾನು ಹಸುವನ್ನು ನೋಡುತ್ತಾ ಕೂರುವುದಿಲ್ಲ. ಜಗುಲಿಯಲ್ಲಿ ಮಾತ್ರ ಫೋನಿಗೆ ಸಿಗ್ನಲ್ ಸಿಗುತ್ತದೆ, ಹಸು ಅಲ್ಲಿ ಕಟ್ಟಿರುತ್ತದೆ.

ಪಾಲು ಕೇಳಲು ಬಂದಿಲ್ಲ. ಬೇಸಿಗೆಯ ಇಂಟರ್ನ್‌ಶಿಪ್ ಸಿಗಲಿಲ್ಲ. ಮನೆಯಲ್ಲಿ ಕೂತರೆ ಅಪ್ಪ ದಿನವೂ ಅದನ್ನೇ ಕೇಳುತ್ತಿದ್ದರು. ಅಜ್ಜಿಯ ಮನೆಯಲ್ಲಿ ಯಾರೂ ಕೇಳುವುದಿಲ್ಲ ಎಂದು ಬಂದೆ. ಇಲ್ಲಿ ಮದುವೆ ಯಾವಾಗ ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಹೇಳುವುದು ಸುಲಭ, ನಕ್ಕರೆ ಸಾಕು.

ಅಪ್ಪ ಹೇಳುವ ಊರಿನಲ್ಲಿ ಎತ್ತಿನ ಗಾಡಿ ಇತ್ತು, ಸೇದುವ ಬಾವಿ ಇತ್ತು. ಇಲ್ಲಿ ಟಿಲ್ಲರ್ ಇದೆ. ಕುಡಿಯುವ ನೀರಿಗೆ ಘಟಕಕ್ಕೆ ಹೋಗಿ ನಾಣ್ಯ ಹಾಕಿ 20 ಲೀಟರ್ ಕ್ಯಾನ್ ತುಂಬಿಸಬೇಕು. ಆ ಕೆಲಸ ಕೇಳಿದೆ. ಭಾರ ಎಂದು ಅಜ್ಜಿ ಬಿಡಲಿಲ್ಲ. ನಾನು ಕಾಲೇಜಿನಲ್ಲಿ ದೋಣಿ ಹುಟ್ಟು ಹಾಕುವ ತಂಡದಲ್ಲಿದ್ದೇನೆ. ಅಜ್ಜಿಗೆ ಇದನ್ನು ವಿವರಿಸಲು ನೋಡಿದೆ, "ಯಾವ ಹೊಳೆ ದಾಟಬೇಕಿತ್ತು?" ಎಂದರು.

ತಾತ ಬೆಳಿಗ್ಗೆ ಪತ್ರಿಕೆ ಬಂದ ಕೂಡಲೇ ಕೆಆರ್‌ಎಸ್ ನೀರಿನ ಮಟ್ಟ ಓದುತ್ತಾರೆ. ಗರಿಷ್ಠ ಮಟ್ಟ 124.80 ಅಡಿ ಎಂದು ನನಗೂ ಬಾಯಿಪಾಠವಾಗಿದೆ. ಈಗ ನಾನು ಬೇಗ ಎದ್ದು ಮೊಬೈಲಿನಲ್ಲಿ ನೋಡಿ, ಪತ್ರಿಕೆ ಬರುವ ಮುಂಚೆ ಹೇಳಿಬಿಡುತ್ತೇನೆ. ತಾತ ನಂಬುವುದಿಲ್ಲ, ಅಚ್ಚಾದ ಮೇಲೆ ಹೋಲಿಸಿ ನೋಡುತ್ತಾರೆ. ಅಜ್ಜಿಯ ಗೃಹಲಕ್ಷ್ಮಿಯ 2000 ರೂಪಾಯಿ ಬಂತೇ ಎಂದು ಸಂದೇಶ ಓದಿ ಹೇಳುವುದೂ ನನ್ನ ಕೆಲಸ. ಒಂದು ದಿನ ಅಜ್ಜಿ ಬೇರೆ ಹೆಂಗಸರ ಫೋನುಗಳನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಬಂದರು.

ಹಾಲಿನ ಕೆಲಸ ನನಗೆ ಇಷ್ಟವಾಯಿತು. ಹುಳುಮನೆಯೂ. ಕೆಸರಿನಲ್ಲಿ ನಿಲ್ಲುವುದು ಬೇಡ, ಕಟ್ಟು ನೀರು ಅವರು ಹೇಳಿದ್ದು ಸರಿ.

ಒಗ್ಗರಣೆ ಡಬ್ಬಿ
ನಮ್ಮೆಲ್ಲರಿಗಿಂತ ಕಾಗುಣಿತ ಚೆನ್ನಾಗಿದೆ. ತಾಯಿ, ಬೃಂದಾವನ ನೋಡಿದಿರಾ?

ನ್ಯೂಜೆರ್ಸಿ ಮೊಮ್ಮಗಳು
ಆರು ವರ್ಷವಿದ್ದಾಗ, ಒಂಬತ್ತು ವರ್ಷವಿದ್ದಾಗ, ಹದಿನಾಲ್ಕು ವರ್ಷವಿದ್ದಾಗ. ಕಾರಂಜಿ ಬದಲಾಗಿಲ್ಲ.

ಮುದ್ದೆ ಕೋಲು
ಮಗಳೇ, ಅಜ್ಜಿಯ ಕೈಯಿಂದ ಅಡುಗೆಮನೆ ಗೆಲ್ಲಬೇಕಾದರೆ ಪಾತ್ರೆ ತೊಳೆಯಲು ಹೋಗಬೇಡ. ಮುದ್ದೆ ತಿರುವಲು ಹೋಗು. ಅಜ್ಜಿಯಂದಿರಿಗೆ ತೋಳು ನೋವು ಇದ್ದೇ ಇರುತ್ತದೆ, ಹೇಳಿಕೊಳ್ಳುವುದಿಲ್ಲ. ನೋಡು, ಎಸರು ಕುದಿಯುವಾಗ ಮೊದಲು ಚಿಟಿಕೆ ಹಿಟ್ಟು ಹಾಕು. ಚೆನ್ನಾಗಿ ಕುದಿ ಬಂದ ಮೇಲೆ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿ. ಆಗ ಕಲಕಬೇಡ! ಸುತ್ತಲೂ ಎಸರು ಉಕ್ಕಿ ಹಿಟ್ಟಿನ ಮೇಲೆ ಹತ್ತಬೇಕು. ಒಳಗೆ ಬೆಂದ ಮೇಲೆ ಪಾತ್ರೆ ಇಳಿಸಿ, ಕವೆಗೋಲಿನಿಂದ ಒತ್ತಿ ಹಿಡಿದು, ಕೋಲಿನಿಂದ ಅಂಚಿಗೆ ಉಜ್ಜಿ ಉಜ್ಜಿ ತಿರುವಬೇಕು. ಗಂಟು ಉಳಿದರೆ ಮಾನ ಹೋಗುತ್ತದೆ. ದೋಣಿ ಹುಟ್ಟು ಹಾಕುವ ತೋಳಿಗೆ ಇದು ಸರಿಯಾದ ಕೆಲಸ.

ಡಾಲರ್ ಲೆಕ್ಕ
ಮುದ್ದೆಯನ್ನು ಅಗಿದು ತಿಂದರೂ ನಡೆಯುತ್ತದೆ, ಹೊಸಬರನ್ನು ಹೆದರಿಸಬೇಡಿ.

ಮುದ್ದೆ ಕೋಲು
ಡಲ್ಲಾಸ್‌ನಲ್ಲಿ ನಡೆಯಬಹುದು.

ಆಲೆಮನೆ ಹೊಗೆ
ಪಾಂಡವಪುರದಲ್ಲಿ ಇದ್ದುಕೊಂಡು ಆಲೆಮನೆಯ ಹೆಸರು ಯಾರೂ ಎತ್ತಲಿಲ್ಲವಲ್ಲ! ಹೋಗಿ ನೋಡಲಿ. ಆದರೆ ಒಂದು ಎಚ್ಚರಿಕೆ: ಒಳ್ಳೆಯ ಹಳದಿ ಬಣ್ಣದ ಬೆಲ್ಲ ತೆಗೆದುಕೊಂಡು ಮೂಸಿ ನೋಡಿ "ಶುದ್ಧ ಹಳ್ಳಿ ಬೆಲ್ಲ" ಎಂದು ಅಮೆರಿಕಕ್ಕೆ ಕಟ್ಟಿಕೊಂಡು ಹೋಗುವುದು ಬೇಡ. ಆ ಬಣ್ಣ ಎಷ್ಟೋ ಕಡೆ ಹೈಡ್ರೋಸ್ ಎಂಬ ಬಿಳುಪು ಮಾಡುವ ರಾಸಾಯನಿಕದ್ದು. ಬೆಂಡೆ ಗಿಡದ ಲೋಳೆ, ಸ್ವಲ್ಪ ಸುಣ್ಣ ಹಾಕಿ ಮಡ್ಡಿ ತೆಗೆದ ಬೆಲ್ಲ ಕಂದಾಗಿರುತ್ತದೆ.

ಕಟ್ಟು ನೀರು
ಕಂದು ಬೆಲ್ಲ ತಂದರೆ ಮಾರುಕಟ್ಟೆಯಲ್ಲಿ ಅದಕ್ಕೆ ಕಡಿಮೆ ಧಾರಣೆ. ಆಲೆಮನೆಯವನನ್ನು ಬೈಯುವ ಮುಂಚೆ ಕೊಳ್ಳುವವನ ಕಣ್ಣನ್ನು ಬೈಯಿರಿ. ಅಚ್ಚು, ಬಕೆಟ್, ಬಾಕ್ಸ್, ಕುರಿಕಾಟು, ಯಾವ ಬೆಲ್ಲವಾದರೂ ಮಂಡ್ಯದ ಎಪಿಎಂಸಿಯಲ್ಲಿ ಮೊದಲು ನೋಡುವುದು ಬಣ್ಣ.

ಆಲೆಮನೆ ಹೊಗೆ
ಅದಕ್ಕೆಂದು ವಿಷ ಹಾಕುವುದೇ?

ಕಟ್ಟು ನೀರು
ಹಾಕಿ ಎಂದೆನೇ? ಯಾಕೆ ಹಾಕುತ್ತಾರೆ ಎಂದು ಹೇಳಿದೆ.

ನ್ಯೂಜೆರ್ಸಿ ಮೊಮ್ಮಗಳು
ಆಲೆಮನೆಗೆ ಹೋಗಿದ್ದೆ. ಅಲ್ಲಿ ಕೊಪ್ಪರಿಗೆಯ ಮುಂದೆ ಕೆಲಸ ಮಾಡುವವರು ಉತ್ತರ ಭಾರತದವರು, ಅವರಿಗೆ ಬಂದ ಕನ್ನಡ ಸ್ವಲ್ಪ, ನನಗೆ ಬಂದ ಹಿಂದಿ ಸೊನ್ನೆ. ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ತಳ್ಳುತ್ತಿದ್ದ ಹುಡುಗ ನನ್ನ ವಯಸ್ಸಿನವನು. ಎಲ್ಲಿಂದ ಬಂದೆ ಎಂದು ಸನ್ನೆಯಲ್ಲಿ ಕೇಳಿದ. ದೂರ ಎಂದು ಕೈ ತೋರಿಸಿದೆ. ಅವನೂ ದೂರ ಎಂದು ಇನ್ನೊಂದು ದಿಕ್ಕಿಗೆ ಕೈ ತೋರಿಸಿದ. ಬಿಸಿ ಬೆಲ್ಲವನ್ನು ಕಬ್ಬಿನ ಜಲ್ಲೆಗೆ ಸುತ್ತಿ ಕೊಟ್ಟ, ನಾಲಿಗೆ ಸುಟ್ಟಿತು.

ಚಾಮುಂಡಿಪುರಂ
ಆಷಾಢ ಬಂದರೆ ಶುಕ್ರವಾರ ಬೆಟ್ಟಕ್ಕೆ ಬರಬೇಕು ಎಂದು ನಿಮ್ಮ ಅಜ್ಜಿ ಹೊರಡಿಸುತ್ತಾರೆ, ಆಗ ಬೇಡವೆನ್ನಬೇಡ. ಖಾಸಗಿ ವಾಹನ ಮೇಲಕ್ಕೆ ಬಿಡುವುದಿಲ್ಲ. ಲಲಿತಮಹಲ್ ಹತ್ತಿರದ ಹೆಲಿಪ್ಯಾಡ್‌ನಿಂದ ಬಸ್ಸಿನಲ್ಲಿ ಹೋಗಬೇಕು, ಇಲ್ಲವೇ ಮೆಟ್ಟಿಲು ಹತ್ತಬೇಕು. ಜನ ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಬಗ್ಗಿರುತ್ತಾರೆ, ಕಾಲಿಡುವಾಗ ಎಚ್ಚರ.

ನಾಲೆ ಏರಿ
ಎಲ್ಲರಿಗೂ ಧನ್ಯವಾದ. ಇವತ್ತು ಸಂಜೆ ತಾಯಿಗೆ ಹೇಳದೆಯೇ ಕ್ಯಾನು ಅವಳ ಕೈಗೆ ಕೊಟ್ಟು ಕಳುಹಿಸಿದೆ. ಫ್ಯಾಟ್ 3.9 ಬಂತಂತೆ. ತಾಯಿ ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಹಾಲಿನ ಕ್ಯಾನು
3.9 ಕಡಿಮೆಯೇನಲ್ಲ. ಹಿಂಡಿ ಯಾವುದು ಹಾಕುತ್ತೀರಿ?

ಹುಳುಮನೆ ಅತ್ತೆ
ನಮ್ಮಲ್ಲಿ ಹೊಸ ಬೆಳೆಗೆ ಚಾಕಿ ಹುಳು (ಮರಿ ಹುಳು) ಬರುವುದಿದೆ. ನಾಲ್ಕನೇ ಜ್ವರದ ಹೊತ್ತಿಗೆ ಹುಡುಗಿಯನ್ನು ಕಳುಹಿಸಿ, ನನ್ನ ಸೊಸೆಯೂ ಅವಳ ವಯಸ್ಸಿನವಳೇ.

ನ್ಯೂಜೆರ್ಸಿ ಮೊಮ್ಮಗಳು
ಬರುತ್ತೇನೆ ಅತ್ತೆ. ಬಸ್ ಹೇಗೆ?

ಕೆಂಪು ಬಸ್ಸು
ಪಾಂಡವಪುರದಿಂದ ಮಂಡ್ಯ, ಮಂಡ್ಯದಿಂದ ಮಳವಳ್ಳಿ. ಚಿಲ್ಲರೆ ಇಟ್ಟುಕೊಳ್ಳಮ್ಮ.

ಮದ್ದೂರು ಪ್ಯಾಸೆಂಜರ್
ಪಾಂಡವಪುರದಲ್ಲಿ ರೈಲು ಹತ್ತಿ ಮದ್ದೂರಿನಲ್ಲಿ ಇಳಿದು, ವಡೆ ತಿಂದು, ಅಲ್ಲಿಂದ ಮಳವಳ್ಳಿ ಬಸ್ ಹಿಡಿಯುವುದು ಉತ್ತಮ.

ಕೆಂಪು ಬಸ್ಸು
ಅದು ಸುತ್ತು.

ಮದ್ದೂರು ಪ್ಯಾಸೆಂಜರ್
1917ರಿಂದ ಜನ ಆ ವಡೆಗೆಂದೇ ಇಳಿಯುತ್ತಿದ್ದಾರೆ, ಸುತ್ತು ಎಂದು ಇವರೊಬ್ಬರಿಗೆ ಹೊಳೆಯಿತು.